ಕತ್ತು ಬಗ್ಗಿಸಿದಾಗ ಕಾಣುವುದು

(ಚಾಮರಾಜನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇಂಥ ವೇದಿಕೆಗೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆಯ ಮೇಲೋ ಹೃದಯದ ಮೇಲೋ ಮಾತಾಡಿಸುವುದು ರೂಢಿ. ನಾನು ಆರಿಸಿಕೊಂಡಿರುವುದು ರುಮಟಾಯ್ಡ್ ಸಂಧಿವಾತ ಇರುವವರ ಕತ್ತಿನ ಎಕ್ಸ್‌ರೇ. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಗಂಟೆ ಬೇಕೇ ಎಂದು ಸಂಘಟಕರೊಬ್ಬರು ಮೆಲ್ಲಗೆ ಕೇಳಿದರು. ವಿಷಯ ಚಿಕ್ಕದು ನಿಜ. ಆದರೆ ಎಂಆರ್‌ಐ, ಸಿಟಿ ಎಂದು ದೊಡ್ಡ ಯಂತ್ರಗಳ ಹೆಸರು ಕೇಳಿ ಕೇಳಿ ನಮಗೆ ಒಂದು ಭ್ರಮೆ ಹತ್ತಿಕೊಂಡಿದೆ: ದುಬಾರಿ ಚಿತ್ರವೇ ಒಳ್ಳೆಯ ಚಿತ್ರ ಎಂದು. ಈ ಒಂದು ಕಾಯಿಲೆಯಲ್ಲಿ, ಈ ಒಂದು ಜಾಗದಲ್ಲಿ, ತಾಲ್ಲೂಕು ಆಸ್ಪತ್ರೆಯ ಸಾದಾ ಎಕ್ಸ್‌ರೇ ಹೇಳುವ ಸುದ್ದಿಯನ್ನು ಎಷ್ಟೋ ಸಲ ಎಂಆರ್‌ಐ ಹೇಳುವುದಿಲ್ಲ. ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ಕಾಯಿಲೆ. ನಮ್ಮ ಕಡೆ ಕೀಲು ಹಿಡಿದುಕೊಂಡರೆ ಎಲ್ಲವೂ ‘ವಾತ’ವೇ. ಮಂಡಿ ಸವೆದವರಿಗೂ ವಾತ, ಯೂರಿಕ್ ಆಸಿಡ್ ಏರಿದವರಿಗೂ ವಾತ. 2006ರಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಚಿಕುನ್‌ಗುನ್ಯ ನುಗ್ಗಿದ ಮೇಲೆ ಅದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿತು. ಆ ಜ್ವರ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತಿತ್ತು. ಹಾಗಾಗಿ ಇವತ್ತಿಗೂ “ಗುನ್ಯ ಬಂದು ಹೋದ ಮ್ಯಾಲ ಸುರುವಾಯ್ತು ಸಾ” ಎಂದೇ ಅನೇಕರು ಕಥೆ ಆರಂಭಿಸುತ್ತಾರೆ. ರುಮಟಾಯ್ಡ್ ಬೇರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯನ್ನು ಪರಕೀಯವೆಂದು ಬಗೆದು ದಾಳಿ ಮಾಡುವ ಕಾಯಿಲೆ ಅದು. ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದು, ಬಿಸಿಲು ಏರಿದಂತೆ ತುಸು ಸಡಿಲವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಎಷ್ಟು ಜನರಿಗಿದೆ? ಎ.ಎನ್. ಮಾಳವೀಯ ಮತ್ತು ಸಂಗಡಿಗರು ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 0.75 ಎಂಬ ಲೆಕ್ಕ ಸಿಕ್ಕಿತು. 2011ರ ಜನಗಣತಿಯಂತೆ ಈ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ಸ್ವಲ್ಪ ಮೇಲೆ. ಆ ಪ್ರಮಾಣವೇ ಇಲ್ಲಿಗೂ ಹೊಂದುವುದಾದರೆ ಜಿಲ್ಲೆಯಲ್ಲಿ ಐದು ಸಾವಿರದಷ್ಟು ಜನ ಇರಬೇಕು. ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸುವವರು, ಅರಿಶಿನ ಬೇಯಿಸುವವರು, ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಮೂಟೆ ಕಟ್ಟುವವರು ಅವರಲ್ಲಿ ಸೇರಿದ್ದಾರೆ. ಬೆರಳಿನಿಂದಲೇ ಬದುಕುವ ಜನ. ಆದ್ದರಿಂದ ಅವರ ದೂರು ಬೆರಳಿನದೇ ಆಗಿರುತ್ತದೆ, ವೈದ್ಯರ ಕಣ್ಣೂ ಬೆರಳಿನ ಮೇಲೆಯೇ ನೆಡುತ್ತದೆ. ಕತ್ತಿನ ಮಾತು ಯಾರೂ ಎತ್ತುವುದಿಲ್ಲ.

ಎಕ್ಸ್‌ರೇ ಹುಟ್ಟಿದಂದಿನಿಂದ ಕೈಗೇ ಮೊದಲ ಮರ್ಯಾದೆ ಅನ್ನಿ. 1895ರ ನವೆಂಬರ್‌ನಲ್ಲಿ ಜರ್ಮನಿಯ ರಾಂಟ್‌ಜೆನ್ ಈ ಕಿರಣವನ್ನು ಕಂಡುಹಿಡಿದು, ಡಿಸೆಂಬರ್‌ನಲ್ಲಿ ತನ್ನ ಹೆಂಡತಿಯ ಕೈಯನ್ನೇ ತಟ್ಟೆಯ ಮೇಲೆ ಇಡಿಸಿ ಚಿತ್ರ ತೆಗೆದರು. ಆದರೆ ಕತ್ತಿನ ಸಂಗತಿ ಅದಕ್ಕಿಂತಲೂ ಹಳೆಯದು. ಈ ಕಾಯಿಲೆಗೆ ರುಮಟಾಯ್ಡ್ ಎಂಬ ಹೆಸರನ್ನು 1859ರಲ್ಲಿ ಕೊಟ್ಟವರು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್. ಅವರ ಮಗ ಆರ್ಚಿಬಾಲ್ಡ್ ಗ್ಯಾರಡ್ 1890ರಲ್ಲಿ ಬರೆದ ಗ್ರಂಥದಲ್ಲಿ, ತಾವು ಪರಿಶೀಲಿಸಿದ 500 ರೋಗಿಗಳಲ್ಲಿ 178 ಮಂದಿಗೆ ಕತ್ತೂ ಹಿಡಿದಿತ್ತು ಎಂದು ದಾಖಲಿಸಿದ್ದಾರೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು! ಎಕ್ಸ್‌ರೇ ಬರಲು ಇನ್ನೂ ಐದು ವರ್ಷ ಇತ್ತು. ಯಂತ್ರವಿಲ್ಲದ ಕಾಲದಲ್ಲಿ ಕೇಳಿ, ಮುಟ್ಟಿ, ಬರೆದಿಟ್ಟು ಸಿಕ್ಕ ಲೆಕ್ಕ ಇದು. ಯಂತ್ರ ಬಂದ ಮೇಲೆ ನಾವು ಕೇಳುವುದನ್ನು ಕಡಿಮೆ ಮಾಡಿದೆವೋ ಏನೋ.

ಈಗ ಕತ್ತಿನ ರಚನೆಗೆ ಬರೋಣ. ಇದು ಗೊತ್ತಾದರೆ ಮಿಕ್ಕದ್ದೆಲ್ಲ ಸಲೀಸು.

ಕತ್ತಿನಲ್ಲಿ ಏಳು ಮೂಳೆಗಳು. ಕೆಳಗಿನ ಐದು ಒಂದರ ಮೇಲೊಂದು ಕೂತಿವೆ, ನಡುನಡುವೆ ಡಿಸ್ಕ್ ಇದೆ. ಮೇಲಿನ ಎರಡರ ಕಥೆಯೇ ಬೇರೆ. ಮೊದಲನೆಯದು ಅಟ್ಲಾಸ್, ಬರೀ ಬಳೆಯಾಕಾರದ ಮೂಳೆ. ಎರಡನೆಯದು ಆಕ್ಸಿಸ್, ಅದರ ಮೇಲುಭಾಗದಲ್ಲಿ ನೆಟ್ಟಗೆ ನಿಂತ ಒಂದು ಕಡ್ಡಿ. ನಮ್ಮ ಮನೆಗಳ ರಾಗಿಕಲ್ಲನ್ನು ನೆನಪಿಗೆ ತಂದುಕೊಳ್ಳಿ: ಕೆಳಗಲ್ಲಿನ ನಡುವಿನ ಗೂಟ, ಅದರ ಸುತ್ತ ತಿರುಗುವ ಮೇಲ್ಗಲ್ಲು. ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದರಲ್ಲಿ ಸುಮಾರು ಅರ್ಧಪಾಲು ಈ ಒಂದು ಗೂಟದ ಸುತ್ತಲೇ ನಡೆಯುತ್ತದೆ. ಗೂಟ ಹಿಂದಕ್ಕೆ ವಾಲದಂತೆ ಅದನ್ನು ಬಳೆಯ ಮುಂಭಾಗಕ್ಕೆ ಒತ್ತಿ ಹಿಡಿದಿರುವುದು ಅಡ್ಡಲಾಗಿ ಬಿಗಿದ ಒಂದು ಗಟ್ಟಿ ಕಟ್ಟು. ಅದರ ಹಿಂದೆಯೇ ಬೆನ್ನುಹುರಿ.

ಈ ಎರಡು ಮೂಳೆಗಳ ನಡುವೆ ಡಿಸ್ಕ್ ಇಲ್ಲ. ಇರುವುದೆಲ್ಲ ಬೆರಳಿನ ಗೆಣ್ಣಿನಲ್ಲಿರುವಂಥದೇ ಒಳಪೊರೆಯುಳ್ಳ ಕೀಲು. ಗೂಟದ ಮುಂದೆ ಒಂದು, ಹಿಂದೆ ಕಟ್ಟಿನ ಬಳಿ ಒಂದು, ಎಡಬಲಗಳಲ್ಲಿ ಒಂದೊಂದು. ಬೆರಳನ್ನು ಹಿಡಿದ ಕಾಯಿಲೆಗೆ ಇದು ಗೊತ್ತಿರುವ ದಾರಿ. ಊದಿಕೊಂಡ ಒಳಪೊರೆ ದಪ್ಪಗಾಗಿ ಗೂಟವನ್ನು ಕೊರೆಯುತ್ತದೆ, ಕಟ್ಟನ್ನು ಸಡಿಲಿಸುತ್ತದೆ. ಕಟ್ಟು ಸಡಿಲವಾದ ಮೇಲೆ, ತಲೆ ಬಗ್ಗಿಸಿದಾಗಲೆಲ್ಲ ಬಳೆ ಮುಂದಕ್ಕೆ ಜಾರುತ್ತದೆ, ಗೂಟ ಹಿಂದೆಯೇ ಉಳಿಯುತ್ತದೆ. ಬೆನ್ನುಹುರಿ ಇವೆರಡರ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಸಡಿಲವಾದವರೆಲ್ಲರಿಗೂ ಹೀಗೆ ಆಗುವುದಿಲ್ಲ, ಪ್ರಕೃತಿ ಸ್ವಲ್ಪ ಧಾರಾಳವಾಗಿದೆ. ಆ ಮಟ್ಟದಲ್ಲಿ ಬಳೆಯ ಒಳಜಾಗದ ಮೂರನೇ ಒಂದು ಪಾಲು ಗೂಟಕ್ಕೆ, ಒಂದು ಪಾಲು ಬೆನ್ನುಹುರಿಗೆ, ಉಳಿದದ್ದು ಖಾಲಿ. ಆ ಖಾಲಿ ಜಾಗ ಇರುವ ತನಕ ಬಳೆ ಜಾರುತ್ತಿದ್ದರೂ ಮನುಷ್ಯ ಆರಾಮವಾಗಿಯೇ ಓಡಾಡಿಕೊಂಡಿರುತ್ತಾನೆ.

ಅಳತೆಗಳು ಇಲ್ಲಿಂದಲೇ ಹುಟ್ಟಿದವು. ಬಳೆಯ ಮುಂಭಾಗಕ್ಕೂ ಗೂಟಕ್ಕೂ ನಡುವಿನ ಸಂದು ವಯಸ್ಕರಲ್ಲಿ 3 ಮಿಲಿಮೀಟರ್ ಮೀರಬಾರದು. ಮೀರಿದರೆ ಕಟ್ಟು ಸಡಿಲವಾಗಿದೆ ಎಂದರ್ಥ. ಆದರೆ ಅಪಾಯವನ್ನು ಹೇಳುವುದು ಮುಂದಿನ ಸಂದಲ್ಲ, ಹಿಂದಿನ ಜಾಗ: ಗೂಟದ ಹಿಂಬದಿಯಿಂದ ಬಳೆಯ ಹಿಂಭಾಗದ ತನಕ ಬೆನ್ನುಹುರಿಗೆ ಉಳಿದಿರುವ ಜಾಗ. ಅಮೆರಿಕದ ಬೋಡನ್ ಮತ್ತು ಸಂಗಡಿಗರು ಇಂಥ ರೋಗಿಗಳನ್ನು ದೀರ್ಘಕಾಲ ಗಮನಿಸಿ 1993ರಲ್ಲಿ ಬರೆದ ಲೇಖನ ಇದನ್ನು ಗಟ್ಟಿ ಮಾಡಿತು. ಆ ಜಾಗ 14 ಮಿಲಿಮೀಟರಿಗೆ ಇಳಿದರೆ ಲಕ್ವದ ಭಯ. 10ಕ್ಕಿಂತ ಕೆಳಗಿಳಿದು ಕೈಕಾಲು ಸೋತ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಕಳೆದುಹೋದ ಬಲ ಮರಳಿ ಬರಲಿಲ್ಲ. ಹಾಗಾಗಿ ಕೈಕಾಲು ಸೋಲುವ ಮೊದಲೇ ಕಂಡುಹಿಡಿಯಬೇಕು. ನೋವನ್ನು ನಂಬಿ ಕೂರುವಂತಿಲ್ಲ, ಕೆಲವರಿಗೆ ನೋವೇ ಇರುವುದಿಲ್ಲ.

ಸಾದಾ ಎಕ್ಸ್‌ರೇ ಎಂದೆನಲ್ಲ, ಅದನ್ನು ತೆಗೆಯುವ ಬಗೆ ಮುಖ್ಯ. ರೋಗಿಯನ್ನು ಮಲಗಿಸಿ ಕತ್ತನ್ನು ನೇರವಾಗಿಟ್ಟು ತೆಗೆದರೆ ಬಳೆ ತನ್ನ ಜಾಗಕ್ಕೆ ವಾಪಸ್ಸು ಬಂದು ಕೂತಿರುತ್ತದೆ. ಫಿಲಂ ಸುಂದರವಾಗಿ ಬರುತ್ತದೆ, ವರದಿಯಲ್ಲಿ ‘ನಾರ್ಮಲ್’ ಎಂದು ಬರೆಯಲಾಗುತ್ತದೆ. ಅದೇ ರೋಗಿಯನ್ನು ಕೂರಿಸಿ, ಪಕ್ಕದಿಂದ, ತಾನಾಗಿ ಎಷ್ಟಾಗುತ್ತದೋ ಅಷ್ಟು ಗದ್ದವನ್ನು ಎದೆಯ ಕಡೆ ಬಗ್ಗಿಸಲು ಹೇಳಿ ತೆಗೆಯಿರಿ. ಎರಡು ಮಿಲಿಮೀಟರ್ ಇದ್ದ ಸಂದು ಏಳಾಗಿ ನಿಲ್ಲಬಹುದು. ಎಂಆರ್‌ಐ ಹಿಂದೆ ಬೀಳುವುದು ಇಲ್ಲಿಯೇ. ಆ ಸುರಂಗದಲ್ಲಿ ರೋಗಿ ಮಲಗಿಯೇ ಇರಬೇಕು, ಅಲುಗಾಡುವಂತಿಲ್ಲ. ಬೆನ್ನುಹುರಿಯನ್ನೂ ಊದಿದ ಪೊರೆಯನ್ನೂ ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ, ಆ ಕೆಲಸ ಎಕ್ಸ್‌ರೇಯಿಂದ ಆಗುವಂಥದಲ್ಲ. ಜಾರುವಿಕೆಯನ್ನು ಮಾತ್ರ ಮಲಗಿದವರಲ್ಲಿ ಹುಡುಕಬಾರದು.

‘ತಾನಾಗಿ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ತಂತ್ರಜ್ಞರಾಗಲಿ ಜೊತೆಗೆ ಬಂದ ಮಗನಾಗಲಿ ತಲೆ ಹಿಡಿದು ಒತ್ತಿ ಬಗ್ಗಿಸುವಂತಿಲ್ಲ. ಕೈಕಾಲಿನ ಬಲ ಈಗಾಗಲೇ ಕುಂದುತ್ತಿರುವವರಲ್ಲಿ ಈ ಬಗ್ಗಿಸುವ ಚಿತ್ರದ ಗೊಡವೆಯೇ ಬೇಡ, ಅವರನ್ನು ಕತ್ತು ಅಲುಗದಂತೆ ನೇರವಾಗಿ ಎಂಆರ್‌ಐಗೆ ಕಳಿಸಬೇಕು. ಇನ್ನೊಂದು ತಾಂತ್ರಿಕ ಮಾತು, ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರಿಗಾಗಿ: ಎಕ್ಸ್‌ರೇ ಕೊಳವೆ ಫಿಲಂನಿಂದ ಆರು ಅಡಿ ದೂರ ಇರಲಿ. ಹತ್ತಿರ ಬಂದಷ್ಟೂ ನೆರಳು ಹಿಗ್ಗುತ್ತದೆ, ಮೂರು ನಾಲ್ಕಾಗುತ್ತದೆ. ಫಿಲಂ ಅನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ “ಸರ್, ಎಷ್ಟು ಮಿಲಿಮೀಟರ್?” ಎಂದು ಕೇಳುವ ಗೆಳೆಯರಿದ್ದಾರೆ. ಆ ಫೋಟೋದಲ್ಲಿ ನಾನು ಮಿಲಿಮೀಟರನ್ನು ಅಳೆಯಲಾರೆ.

ಮೇಲಕ್ಕೆ ಏರುವ ಗೂಟದ ವಿಷಯ ಇನ್ನೂ ಮೋಸದ್ದು. ಅಕ್ಕಪಕ್ಕದ ಕೀಲುಗಳು ಕೊರೆದು ಕುಸಿದರೆ ತಲೆಬುರುಡೆಯೂ ಬಳೆಯೂ ಕೆಳಗಿಳಿಯುತ್ತವೆ, ಗೂಟದ ತುದಿ ಬುರುಡೆಯ ತಳದ ರಂಧ್ರದೊಳಗೆ ಚಾಚಿಕೊಳ್ಳುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡ ಅಲ್ಲೇ ಇದೆ. ಈ ಕಾಯಿಲೆಯಲ್ಲಿ ಕತ್ತಿನ ಮೂಳೆ ಜಾರುವ ಮೂರು ಬಗೆಗಳಲ್ಲಿ ಇದೇ ಹೆಚ್ಚು ಅಪಾಯದ್ದು (ಮೂರನೆಯದು ಕೆಳಗಿನ ಮೂಳೆಗಳು ಮೆಟ್ಟಿಲು ಮೆಟ್ಟಿಲಾಗಿ ಜಾರುವುದು, ಅದರ ವಿಸ್ತಾರ ಇವತ್ತು ಬೇಡ). ಮೋಸ ಎಲ್ಲಿ ಅಂದರೆ, ಬಳೆ ಕೆಳಗಿಳಿದಾಗ ಮುಂದಿನ ಸಂದು ಕಿರಿದಾಗುತ್ತದೆ. ಹೋದ ವರ್ಷ 8 ಇದ್ದದ್ದು ಈ ವರ್ಷ 4 ಎಂದು ರೋಗಿಯೂ ವೈದ್ಯರೂ ಹಿಗ್ಗಬಹುದು. ಅಂಕಿ ಸುಧಾರಿಸಿದೆ, ಕಾಯಿಲೆ ಉಲ್ಬಣಿಸಿದೆ.

ಇದನ್ನು ಹಿಡಿಯಲು ಫಿಲಂ ಮೇಲೆ ಎಳೆಯುವ ಹಲವು ಗೆರೆಗಳಿವೆ. ಗೂಟದ ತುದಿಯೇ ಕರಗಿಹೋದವರಲ್ಲಿ ತುದಿಯನ್ನು ನಂಬಿದ ಗೆರೆಗಳು ಕೈಕೊಡುತ್ತವೆ. ಆ ತೊಡಕನ್ನು ದಾಟಿ, ಎರಡನೇ ಮೂಳೆಯ ಪೆಡಿಕಲ್ ಎಂಬ ಭಾಗದ ನಡುವಿನಿಂದ ಬಳೆಯ ಮಟ್ಟಕ್ಕಿರುವ ಎತ್ತರವನ್ನು ಅಳೆಯುವ ಉಪಾಯವನ್ನು 1979ರಲ್ಲಿ ಕೊಟ್ಟವರು ಚಿತ್ತರಂಜನ್ ರಾಣಾವತ್ ಮತ್ತು ಸಂಗಡಿಗರು. 13 ಮಿಲಿಮೀಟರಿಗಿಂತ ಕಡಿಮೆಯಾದರೆ ಗೂಟ ಏರಿದೆ ಎಂದು ಲೆಕ್ಕ. ಹೆಸರು ಎಲ್ಲೋ ಕೇಳಿದಂತಿದೆಯೇ? ಪ್ರಧಾನಿ ವಾಜಪೇಯಿಯವರ ಮಂಡಿಗಳಿಗೆ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಅವರೇ. ಇಂದೋರಿನಲ್ಲಿ ಓದಿ ನ್ಯೂಯಾರ್ಕಿಗೆ ಹೋದವರು. ಮಂಡಿಯ ವೈದ್ಯರೆಂದು ಪತ್ರಿಕೆಗಳು ಅವರನ್ನು ಹೊಗಳಿದವು. ಅವರ ಹೆಸರಿನ ಗೆರೆಯನ್ನು ಲೋಕದ ರೇಡಿಯಾಲಜಿಸ್ಟರು ದಿನವೂ ಕತ್ತಿನ ಮೇಲೆ ಎಳೆಯುತ್ತಾರೆ ಎಂಬುದು ಯಾರಿಗೂ ಸುದ್ದಿಯಾಗಲಿಲ್ಲ.

ಕತ್ತನ್ನು ಸ್ಥಿರಪಡಿಸುವ ಶಸ್ತ್ರಚಿಕಿತ್ಸೆಯಲ್ಲೂ ನಮ್ಮವರ ಗುರುತಿದೆ. ಬಳೆಗೂ ಎರಡನೇ ಮೂಳೆಗೂ ಪ್ರತ್ಯೇಕ ತಿರುಪು ಹಾಕಿ ಬಿಗಿಯುವ ವಿಧಾನವನ್ನು ಮುಂಬಯಿಯ ಕೆಇಎಂ ಆಸ್ಪತ್ರೆಯ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದರು. ಜರ್ಮನಿಯ ಹಾರ್ಮ್ಸ್ 2001ರಲ್ಲಿ ಅದಕ್ಕೊಂದು ಮಾರ್ಪಾಡು ತಂದರು. ಸಿಟಿ ಸ್ಕ್ಯಾನ್ ಬೇಕಾಗುವುದು ಈ ಹಂತದಲ್ಲಿ. ತಿರುಪು ಹೋಗುವ ಹಾದಿಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಧಮನಿ ಇದೆ, ಅದರ ತಿರುವು ಒಬ್ಬೊಬ್ಬರಲ್ಲಿ ಒಂದೊಂದು ತರ.

ಹಾಗಾದರೆ ರುಮಟಾಯ್ಡ್ ಇರುವವರೆಲ್ಲರೂ ನಾಳೆಯೇ ಕತ್ತಿನ ಫಿಲಂ ತೆಗೆಸಬೇಕೇ? ಬೇಡ. ಕಾಯಿಲೆ ಹೊಸದಾಗಿ ಬಂದು, ಬೇಗ ಔಷಧ ಆರಂಭಿಸಿ, ಹತೋಟಿಯಲ್ಲಿರುವವರಿಗೆ ಈ ಭಯ ಇಂದು ಬಹಳ ಕಡಿಮೆ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಬಳಕೆಗೆ ಬಂದ ಮೇಲೆ, ಆಮೇಲೆ ಬಯಲಾಜಿಕ್ ಚುಚ್ಚುಮದ್ದುಗಳು ಬಂದ ಮೇಲೆ, ಕತ್ತು ಈ ಮಟ್ಟಕ್ಕೆ ಹಾಳಾಗುವುದು ಎಲ್ಲ ಕಡೆ ಇಳಿದಿದೆ. (ವಾರಕ್ಕೊಮ್ಮೆ ಎಂದೆ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಆಶಾ ಕಾರ್ಯಕರ್ತೆಯರು ಮಾತ್ರೆಯ ಹಾಳೆಯ ಮೇಲೆ ವಾರದ ಹೆಸರು ಬರೆದುಕೊಟ್ಟರೆ ದೊಡ್ಡ ಉಪಕಾರ.) ನನ್ನ ಚಿಂತೆ ಹಳಬರದು: ಹತ್ತು ಹದಿನೈದು ವರ್ಷ ನೋವಿನ ಗುಳಿಗೆಯಲ್ಲೇ ಕಳೆದವರು, ಏನಿದೆಯೆಂದೇ ತಿಳಿಯದ ಪುಡಿಗಳನ್ನು, ಎಷ್ಟೋ ಸಲ ಅದರೊಳಗಿನ ಸ್ಟೀರಾಯ್ಡನ್ನು ನುಂಗುತ್ತ ಬಂದವರು, ಬೆರಳು ಓರೆಯಾದವರು, ಮೊಣಕೈ ಬಳಿ ಗಂಟು ಎದ್ದವರು, ರಕ್ತಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ಜಾಸ್ತಿ ಇರುವವರು. ಕೈಯ ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಕೊರೆದಿದೆಯೋ ಕತ್ತಿನ ಮೇಲೂ ಅಷ್ಟು ಅನುಮಾನ ಪಡಬೇಕು.

ಅನುಮಾನಕ್ಕೆ ಎಡೆ ಕೊಡುವ ಮಾತುಗಳು ರೋಗಿಗಳ ಬಾಯಲ್ಲೇ ಬರುತ್ತವೆ. “ಕತ್ತು ಬಗ್ಗುಸುದ್ರ ಬೆನ್ನಲ್ಲಿ ಕರೆಂಟ್ ಹೊಡ್ದಂಗಾಯ್ತದ.” “ಹಿಂದಲ ತಲ ನೋಯ್ತದ, ಬುರುಡೆ ಬುಡದಲ್ಲಿ.” “ಕೈಲಿ ಲೋಟ ನಿಲ್ಲಾಕಿಲ್ಲ.” “ನಡದ್ರ ಕಾಲು ಎಲ್ಲೋ ಬೀಳ್ತದ ಸಾ.” ಕೊನೆಯ ಎರಡು ಮಾತುಗಳನ್ನು ನಾವು ಬಹಳ ಬೇಗ ಕೀಲಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಬೆರಳು ಓರೆಯಾಗಿದೆ, ಲೋಟ ಬೀಳದೆ ಇನ್ನೇನು, ಮಂಡಿ ಊದಿದೆ, ಕಾಲು ತಪ್ಪದೆ ಇನ್ನೇನು ಎಂದು. ಕೀಲಿನ ಮರೆಯಲ್ಲಿ ನರದ ದೌರ್ಬಲ್ಯ ಅಡಗಿ ಕೂರುತ್ತದೆ. ಮೂತ್ರದ ಹಿಡಿತ ತಪ್ಪಿತೆಂದು ನಾಚಿಕೆಯಿಂದ ಹೇಳುವ ಹೆಂಗಸರನ್ನು ವಯಸ್ಸಿನ ನೆಪ ಹೇಳಿ ಮನೆಗೆ ಕಳಿಸಬಾರದು.

ಕತ್ತುನೋವು ಎಂದರೆ ಸ್ಪಾಂಡಿಲೈಟಿಸ್ ಎಂಬ ಒಂದೇ ಉತ್ತರವೂ ನಮ್ಮಲ್ಲಿ ಚಾಲ್ತಿಯಲ್ಲಿದೆ. ವಯಸ್ಸಿನ ಸವೆತ ಸಾಮಾನ್ಯವಾಗಿ ಕತ್ತಿನ ಕೆಳಗಿನ ಮೂಳೆಗಳಲ್ಲಿ, ಐದು-ಆರು-ಏಳರ ಬಳಿ. ರುಮಟಾಯ್ಡ್ ಮೊದಲು ಹುಡುಕುವುದು ಮೇಲಿನ ಎರಡನ್ನು. ಫಿಲಂ ಓದುವವರ ಕಣ್ಣು ಕೆಳಗಿನ ಸವೆತದಲ್ಲೇ ನಿಂತುಬಿಟ್ಟರೆ ಮೇಲಿನ ಸಂದು ತಪ್ಪಿಹೋಗುತ್ತದೆ. ಅವರನ್ನೂ ದೂರಿ ಪ್ರಯೋಜನವಿಲ್ಲ, ಚೀಟಿಯಲ್ಲಿ ‘ಕತ್ತುನೋವು’ ಎಂದಷ್ಟೇ ಇರುತ್ತದೆ. ‘ರುಮಟಾಯ್ಡ್ ಇದೆ, ಕತ್ತು ಬಗ್ಗಿಸಿ ಪಕ್ಕದ ಚಿತ್ರ ತೆಗೆಯಿರಿ’ ಎಂಬ ಒಂದು ಸಾಲು ಸೇರಿಸಿದರೆ ತೆಗೆಯುವ ರೀತಿಯೂ ಓದುವ ರೀತಿಯೂ ಬದಲಾಗುತ್ತದೆ. ಓದುವವರು ಕ್ಷಯವನ್ನೂ ಹುಟ್ಟಿನಿಂದ ಬಂದ ಜೋಡಣೆಯ ದೋಷವನ್ನೂ ಮನಸ್ಸಿನಲ್ಲಿಟ್ಟಿರಬೇಕು, ನಮ್ಮ ದೇಶದಲ್ಲಿ ಈ ಎರಡು ಮೂಳೆಗಳನ್ನು ಸಡಿಲಿಸುವುದರಲ್ಲಿ ಅವೂ ಹಿಂದೆ ಬಿದ್ದಿಲ್ಲ.

ಲಕ್ಷಣವೇ ಇಲ್ಲದಿದ್ದರೂ ಈ ಚಿತ್ರ ತೆಗೆಸಬೇಕಾದ ಒಂದು ಸಂದರ್ಭ ಇದೆ: ಯಾವುದೇ ಆಪರೇಷನ್ನಿಗೆ ಮೊದಲು. ಹಳೆಯ ರುಮಟಾಯ್ಡ್ ಇರುವವರು ಮಂಡಿ ಬದಲಿಸಲೆಂದೋ ಗರ್ಭಕೋಶ ತೆಗೆಸಲೆಂದೋ ಮೈಸೂರಿಗೆ ಹೋಗುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಕತ್ತಿನ ಸ್ನಾಯುಗಳ ಕಾವಲು ಇರುವುದಿಲ್ಲ. ಉಸಿರಿನ ಕೊಳವೆ ಹಾಕಲು ತಲೆಯನ್ನು ಎತ್ತಿ, ಬಾಗಿಸಿ ಇಡಬೇಕಾಗುತ್ತದೆ. ದಪ್ಪ ದಿಂಬೊಂದೇ ಸಾಕು ಜಾರಲು. ಮೊದಲೇ ಗೊತ್ತಿದ್ದರೆ ಅರಿವಳಿಕೆ ವೈದ್ಯರ ಬಳಿ ಬೇರೆ ದಾರಿಗಳಿವೆ: ಕ್ಯಾಮೆರಾ ಇರುವ ಉಪಕರಣ, ಕತ್ತು ಅಲುಗದಂತೆ ಹಿಡಿಯುವುದು, ಆಗುವುದಾದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸುವುದು.

ಈ ಜಿಲ್ಲೆಗೆ ಇದು ಏಕೆ ಹೆಚ್ಚು ಮುಖ್ಯ ಎಂಬುದನ್ನೂ ಹೇಳಬೇಕು. 1997ರವರೆಗೆ ನಾವು ಮೈಸೂರು ಜಿಲ್ಲೆಯ ಅಂಚಿನ ತಾಲ್ಲೂಕುಗಳು. ಇಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ, ಯಡಬೆಟ್ಟದ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದು 2021ರ ಅಕ್ಟೋಬರ್ 7ರಂದು. ಆದರೂ ದೊಡ್ಡ ಪರೀಕ್ಷೆ ಎಂದಾಕ್ಷಣ ಜನ ಮೈಸೂರಿನ ಬಸ್ಸು ಹತ್ತುತ್ತಾರೆ. ಗುಂಡ್ಲುಪೇಟೆಯಿಂದ ಮೈಸೂರಿಗೆ 60 ಕಿಲೋಮೀಟರ್ ಆಸುಪಾಸು. ಬಂಡೀಪುರದ ಕಾಡಂಚಿನ ಹಳ್ಳಿಯಿಂದಲೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ ಬರುವವರಿಗೆ ಅದಕ್ಕೆ ಮೊದಲೇ ಒಂದು ಪಯಣ ಇದೆ. ಒಬ್ಬರು ಹೋದರೆ ಜೊತೆಗೊಬ್ಬರು ಹೋಗಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಹಾಗಿರುವಾಗ ಯಾರಿಗೆ ಎಂಆರ್‌ಐ ನಿಜವಾಗಿ ಬೇಕು, ಯಾರಿಗೆ ಬೇಡ ಎಂಬುದನ್ನು ಇಲ್ಲೇ ಒಂದು ಫಿಲಮ್ಮಿನಲ್ಲಿ ತೀರ್ಮಾನಿಸಬಹುದಾದರೆ ಅದನ್ನು ಬಿಟ್ಟು ಎಲ್ಲರನ್ನೂ ಸಾಲಾಗಿ ಕಳಿಸುವುದು ನನಗೆ ಸರಿಕಾಣದು. ಫಿಲಮ್ಮಿನಲ್ಲಿ ಹಿಂದಿನ ಜಾಗ ಕಿರಿದಾಗಿದೆ, ಗೂಟ ಏರಿದ ಅನುಮಾನ ಇದೆ, ಇಲ್ಲವೇ ಕೈಕಾಲು ಸೋಲುತ್ತಿದೆ: ಇಂಥವರು ತಡಮಾಡದೆ ಹೋಗಬೇಕು. ಮಿಕ್ಕವರು ಔಷಧವನ್ನು ಬಿಡದೆ ತೆಗೆದುಕೊಂಡು, ಅದೇ ರೀತಿಯಲ್ಲಿ ತೆಗೆದ ಫಿಲಂ ಅನ್ನು ಕಾಲಕಾಲಕ್ಕೆ ಹಳೆಯದರ ಪಕ್ಕದಲ್ಲಿಟ್ಟು ನೋಡಿಸಿಕೊಂಡರೆ ಸಾಕು. ಹಳೆಯ ಕವರನ್ನು ಎಸೆಯಬೇಡಿ, ಟ್ರಂಕಿನ ತಳದಲ್ಲಿರಲಿ.

ಸಭೆಗೆ ಮುಂಚೆಯೇ ಚೀಟಿಯಲ್ಲಿ ಬಂದಿರುವ ಕೆಲವು ಪ್ರಶ್ನೆಗಳಿವೆ. ಕತ್ತುಪಟ್ಟಿ ಹಾಕಿಕೊಂಡರೆ ಆಗದೇ ಎಂದು ಒಬ್ಬರು. ಮೆತ್ತನೆಯ ಪಟ್ಟಿ ಬಳೆ ಜಾರುವುದನ್ನು ತಡೆಯುವುದಿಲ್ಲ. ನೋವಿಗೆ ಸ್ವಲ್ಪ ಹಿತ ಕೊಡುತ್ತದೆ, ಬಸ್ಸಿನಲ್ಲಿ ಪಕ್ಕದವರಿಗೆ ಎಚ್ಚರಿಕೆಯೂ ಆಗುತ್ತದೆ, ಅಷ್ಟೇ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸುವುದು, ನಾಟಿ ವೈದ್ಯರ ಹತ್ತಿರ ಕತ್ತು ಎಳೆಸುವುದು ಹೇಗೆ ಎಂದು ಇನ್ನೊಬ್ಬರು. ರುಮಟಾಯ್ಡ್ ಇರುವವರು ಯಾರ ಕೈಗೂ ಕತ್ತು ಕೊಡಬೇಡಿ. ಎಣ್ಣೆ ಹಚ್ಚಿಸಿಕೊಳ್ಳಿ, ತಿರುಚಿಸಿಕೊಳ್ಳಬೇಡಿ.

ಕೊನೆಯ ಚೀಟಿ ಗುಂಡ್ಲುಪೇಟೆ ಕಡೆಯ ಆಶಾ ಕಾರ್ಯಕರ್ತೆಯದು: ತಮ್ಮ ಊರಿನ ರುಮಟಾಯ್ಡ್ ಇರುವ ಹೆಂಗಸರು ತಲೆಯ ಮೇಲೆ ಹುಲ್ಲಿನ ಹೊರೆ ಹೊರಬಹುದೇ ಎಂದು. ಫಿಲಂ ನೋಡುವ ತನಕ ಬೇಡ ತಾಯಿ. ನೋಡಿದ ಮೇಲೆ ಸಂದು ಸರಿಯಿದ್ದು, ಜೋಮು, ಕರೆಂಟು ಹೊಡೆದ ಅನುಭವ ಯಾವುದೂ ಇಲ್ಲದಿದ್ದರೆ ಸಣ್ಣ ಹೊರೆಗೆ ನಾನು ಅಡ್ಡ ಬರುವುದಿಲ್ಲ, ದನ ಉಪವಾಸ ಇರಲಾರವು ಎಂಬುದು ನನಗೂ ಗೊತ್ತು. ಸಂದು ಜಾಸ್ತಿ ಇದ್ದರೆ ಹೊರೆಯನ್ನು ಗಂಡನೋ ಮಗನೋ ಹೊರಲಿ. ಆ ಮಾತನ್ನು ಮನೆಯವರಿಗೆ ಹೇಳುವ ಕೆಲಸ ನಿಮ್ಮದಾಗಬಾರದು, ವೈದ್ಯರೇ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಇನ್ನೂ ಕೇಳುವವರಿದ್ದರೆ ಕೈ ಎತ್ತಿ.